ಪೇಲ್ ಏಲ್ ತೆಳ್ಳಗಾದರೆ ಯಾವ ಮಾಲ್ಟ್?

ಮನೆಯಲ್ಲಿ ತಯಾರಿಸಿದ ಪೇಲ್ ಏಲ್ (ತಿಳಿಬಣ್ಣದ ಬಿಯರ್) ನೀರುನೀರಾಯಿತೆಂದರೆ ಮುಂದಿನ ಸಲ ಸಿಹಿ ಕೊಡುವ ಕ್ರಿಸ್ಟಲ್ ಮಾಲ್ಟ್ ಜಾಸ್ತಿ ಸುರಿಯುವವರೇ ಹೆಚ್ಚು. ಮಾಲ್ಟ್ ಎಂದರೆ ಮೊಳಕೆ ಬರಿಸಿ ಒಣಗಿಸಿದ ಧಾನ್ಯ, ಹೆಚ್ಚಾಗಿ ಬಾರ್ಲಿ. ಮಂದ (ಬಾಯಿ ತುಂಬಿದಂತೆನಿಸುವ ಗಟ್ಟಿತನ) ಬೇರೆ, ಸಿಹಿ ಬೇರೆ. ಮಂದ ಕೊಡುವುದು ಯೀಸ್ಟ್ ತಿನ್ನಲಾಗದ ಡೆಕ್ಸ್ಟ್ರಿನ್ (ಪೂರ್ತಿ ಒಡೆಯದೆ ಉಳಿದ ಪಿಷ್ಟದ ತುಣುಕು) ಮತ್ತು ಧಾನ್ಯದ ಪ್ರೋಟೀನ್. ಡೆಕ್ಸ್ಟ್ರಿನ್ ನಾಲಿಗೆಗೆ ಸಪ್ಪೆ. ನಿಮ್ಮ ಬಿಯರಿಗೆ ಕಡಿಮೆಯಾಗಿರುವುದು ಯಾವುದು ಎಂದು ಮೊದಲು ಹೈಡ್ರೋಮೀಟರ್ (ನೀರನ್ನು 1.000 ಎಂದಿಟ್ಟು ದ್ರವದ ಸಾಂದ್ರತೆ ಅಳೆಯುವ ಸಾಧನ; ಸಕ್ಕರೆ ಹೆಚ್ಚಿದ್ದರೆ ಅಂಕಿಯೂ ಹೆಚ್ಚು) ಹಿಡಿದು ನೋಡಿ.

1.050ರಲ್ಲಿ ಶುರುವಾದ ಬಿಯರ್ 1.007ಕ್ಕೆ ಇಳಿದಿದ್ದರೆ ತಪ್ಪು ಬಹುಪಾಲು, ಪುಡಿ ಮಾಡಿದ ಮಾಲ್ಟನ್ನು ಬಿಸಿನೀರಿನಲ್ಲಿ ನೆನೆಸಿ ಪಿಷ್ಟವನ್ನು ಸಕ್ಕರೆಯಾಗಿಸುವ ಹಂತವಾದ ಮ್ಯಾಶ್‌ನ ಶಾಖದಲ್ಲಿರುತ್ತದೆ. 63–64 ಡಿಗ್ರಿಯಲ್ಲಿ ಬೀಟಾ ಅಮೈಲೇಸ್ ಎಂಬ ಕಿಣ್ವ ಚೆನ್ನಾಗಿ ದುಡಿದು, ಯೀಸ್ಟ್‌ಗೆ ಸುಲಭವಾಗಿ ಸಿಗುವ ಮಾಲ್ಟೋಸ್ ಸಕ್ಕರೆಯನ್ನೇ ಹೆಚ್ಚು ಮಾಡುತ್ತದೆ. 67–68ಕ್ಕೆ ಏರಿಸಿದರೆ ಅದು ಬೇಗ ಸೋತು, ಡೆಕ್ಸ್ಟ್ರಿನ್ ಉಳಿಯುತ್ತದೆ. ಮಾಲ್ಟ್‌ಗೆ ಒಂದು ಪೈಸೆಯೂ ಹೆಚ್ಚು ಖರ್ಚಿಲ್ಲ. ಥರ್ಮಾಮೀಟರನ್ನು ಕರಗುತ್ತಿರುವ ಐಸ್ ನೀರಿನಲ್ಲಿಟ್ಟು ಸೊನ್ನೆ ತೋರಿಸುತ್ತದೆಯೇ ಎಂದೂ ಪರೀಕ್ಷಿಸಿ. ಎರಡು ಡಿಗ್ರಿ ಸುಳ್ಳು ಹೇಳಿದರೂ ಲೆಕ್ಕವೆಲ್ಲ ತಲೆಕೆಳಗು.

ಇನ್ನು ಕ್ರಿಸ್ಟಲ್. ಮೊಳಕೆ ಬಂದ ಹಸಿ ಬಾರ್ಲಿಯನ್ನು ಒಣಗಲು ಬಿಡದೆ ಬಿಸಿ ಮಾಡುವುದರಿಂದ ಪಿಷ್ಟವೆಲ್ಲ ಸಿಪ್ಪೆಯೊಳಗೇ ಸಕ್ಕರೆಯಾಗುತ್ತದೆ; ಆಮೇಲೆ ಹುರಿಯುತ್ತಾರೆ. ಒಂದು ಕಾಳನ್ನು ಬ್ಲೇಡಿನಿಂದ ಸೀಳಿ ನೋಡಿ. ಪೇಲ್ ಮಾಲ್ಟ್‌ನ ಒಳಗೆ ಬೆಳ್ಳಗಿನ ಹಿಟ್ಟು, ಕ್ರಿಸ್ಟಲ್‌ನ ಒಳಗೆ ಗಟ್ಟಿಯಾದ ಪಾಕದಂತೆ ಹೊಳೆಯುವ ಕಂದು ಬಣ್ಣ. ಮಾಲ್ಟ್ ಎಕ್ಸ್‌ಟ್ರಾಕ್ಟ್ (ಸಿದ್ಧ ಮಾಲ್ಟ್ ಪಾಕ ಅಥವಾ ಪುಡಿ) ಬಳಸುವವರು ಕ್ರಿಸ್ಟಲನ್ನು ಬಟ್ಟೆಯಲ್ಲಿ ಕಟ್ಟಿ, 65–70 ಡಿಗ್ರಿ ನೀರಿನಲ್ಲಿ ಅರ್ಧ ಗಂಟೆ ನೆನೆಸಿದರೆ ಸಾಕಾಗುವುದು ಅದಕ್ಕೇ. ಮ್ಯೂನಿಕ್ ಮಾಲ್ಟ್‌ಗೆ ಅದು ನಡೆಯದು; ಅದರ ಪಿಷ್ಟ ಇನ್ನೂ ಸಕ್ಕರೆಯಾಗಿಲ್ಲ, ಮ್ಯಾಶ್ ಬೇಕೇ ಬೇಕು.

20 ಲೀಟರ್ ಅಮೆರಿಕನ್ ಪೇಲ್ ಏಲ್‌ಗೆ ನಂಬಬಹುದಾದ ಅಳತೆ: ಪೇಲ್ ಮಾಲ್ಟ್ 4 ಕಿಲೋ, ಮ್ಯೂನಿಕ್ 400 ಗ್ರಾಂ, ಕ್ರಿಸ್ಟಲ್ ಬಣ್ಣದ ಅಳತೆಯಲ್ಲಿ 40 ಅಥವಾ 60 ಲೊವಿಬಾಂಡ್‌ನದು 250 ಗ್ರಾಂ. ಮ್ಯಾಶ್‌ಗೆ ನೀರು 14 ಲೀಟರ್, 67 ಡಿಗ್ರಿ, ಒಂದು ಗಂಟೆ. ಮ್ಯೂನಿಕ್ ಬ್ರೆಡ್ಡಿನ ಅಂಚಿನಂಥ ರುಚಿ ಕೊಡುತ್ತದೆ. ಸಕ್ಕರೆ ಉಳಿಸದೆಯೂ ಬಿಯರ್ ತುಂಬಿದಂತೆನಿಸುತ್ತದೆ. ಈ ಮ್ಯೂನಿಕ್ ಮಾಲ್ಟಿನ ಮಹತ್ವ ಗೊತ್ತಿರುವವರು ಕಡಿಮೆ ಎಂಬುದೇ ಬೇಸರ. ಕ್ರಿಸ್ಟಲ್ ಶೇ 10 ದಾಟಿದರೆ ಎರಡನೇ ಗ್ಲಾಸಿಗೆ ಬಾಯಿ ಅಂಟುತ್ತದೆ. 120ರಂಥ ಕಡುಬಣ್ಣದ್ದು ಒಣದ್ರಾಕ್ಷಿ, ಸುಟ್ಟ ಸಕ್ಕರೆಯ ರುಚಿ ತಂದು ಬಿಯರಿಗೆ ಕಹಿ, ಪರಿಮಳ ಕೊಡುವ ಹೂವಾದ ಕ್ಯಾಸ್ಕೇಡ್ ಹಾಪ್ಸ್‌ನ ಕಿತ್ತಳೆ ಸಿಪ್ಪೆಯ ಪರಿಮಳವನ್ನು ಮುಚ್ಚಿಬಿಡುತ್ತದೆ. ನೊರೆಯೂ ಬೇಗ ಕುಸಿಯುತ್ತಿದ್ದರೆ 300 ಗ್ರಾಂ ಗೋಧಿ ಮಾಲ್ಟ್ ಸೇರಿಸಿ, ಪೇಲ್ ಮಾಲ್ಟ್‌ನಲ್ಲಿ ಅಷ್ಟೇ ಕಡಿಮೆ ಮಾಡಿ.

ಸಿಹಿ ಒಂದೇ ಸಾಲದಿದ್ದರೆ ಮಾಲ್ಟ್ ಮುಟ್ಟಬೇಡಿ. ಕಹಿಗೆ ಹಾಕುವ ಹಾಪ್ಸ್ ತಗ್ಗಿಸಿ, 40 ಐಬಿಯು (ಕಹಿಯ ಅಳತೆ) ಇದ್ದದ್ದನ್ನು 33ಕ್ಕೆ ತನ್ನಿ.

ಬಿಯರ್ 1.020ರಲ್ಲೇ ನಿಂತು ಸಿಹಿಯಾಗಿದ್ದರೆ ಅದನ್ನು ಮಂದ ಎಂದುಕೊಳ್ಳಬೇಡಿ. ಹುದುಗುವಿಕೆ ನಡುವೆ ನಿಂತಿರುವ ಸಾಧ್ಯತೆಯೇ ಹೆಚ್ಚು. ಪಾತ್ರೆಯನ್ನು 20–21 ಡಿಗ್ರಿಯ ಜಾಗದಲ್ಲಿಟ್ಟು, ತಳದ ಯೀಸ್ಟ್ ಏಳುವಂತೆ ಮೆಲ್ಲಗೆ ಆಡಿಸಿ. ಹಾಗೆಯೇ ಬಾಟಲಿಗೆ ತುಂಬಿದರೆ ಉಳಿದ ಸಕ್ಕರೆ ಒಳಗೆ ಹುದುಗಿ ಗಾಜು ಸಿಡಿಯಬಹುದು.