ಚೌಕಿಯಲ್ಲಿ ಕೂತ ಮಹಿಷಾಸುರ

ಉಡುಪಿಯ ಪದವಿ ಕಾಲೇಜೊಂದರಲ್ಲಿ ನಾನು ರಾಜ್ಯಶಾಸ್ತ್ರ ಕಲಿಸಲು ಶುರು ಮಾಡಿ ಇಪ್ಪತ್ತೆರಡು ವರ್ಷವಾಯಿತು. ಸರ್ವಾಧಿಕಾರದ ಪಾಠ ಬಂದಾಗಲೆಲ್ಲ ಯಾವುದೋ ಒಂದು ಬೆಂಚಿನಿಂದ ಅದೇ ಪ್ರಶ್ನೆ ಏಳುತ್ತದೆ: "ಮೇಡಂ, ಅಷ್ಟು ಜನ ಇದ್ದೂ ಒಬ್ಬನನ್ನು ತಡೆಯಲಿಕ್ಕೆ ಆಗಲಿಲ್ಲವಾ?"

ಆಗ ನಾನು ಬೋರ್ಡಿನ ಮೇಲೆ ಎರಡು ಅಂಕಿ ಬರೆಯುತ್ತೇನೆ. 33.1 ಮತ್ತು 43.9. ಮೊದಲನೆಯದು 1932ರ ನವೆಂಬರ್ ಚುನಾವಣೆಯಲ್ಲಿ ನಾಜಿ ಪಕ್ಷಕ್ಕೆ ಬಿದ್ದ ಶೇಕಡಾವಾರು ಮತ. ಎರಡನೆಯದು 1933ರ ಮಾರ್ಚ್ 5ರದ್ದು. ಅಷ್ಟು ಹೊತ್ತಿಗೆ ಹಿಟ್ಲರ್ ಚಾನ್ಸಲರ್ ಆಗಿದ್ದ, ಸಂಸತ್ ಭವನಕ್ಕೆ ಬೆಂಕಿ ಬಿದ್ದಿತ್ತು, ಅದೇ ನೆಪದಲ್ಲಿ ನಾಗರಿಕ ಹಕ್ಕುಗಳನ್ನು ಅಮಾನತಿನಲ್ಲಿಟ್ಟಾಗಿತ್ತು, ಕಮ್ಯುನಿಸ್ಟರು ಜೈಲು ಸೇರಿದ್ದರು. ಇಷ್ಟೆಲ್ಲ ಮಾಡಿಯೂ ಅವನ ಪಕ್ಷಕ್ಕೆ ಅರ್ಧದಷ್ಟು ಮತ ಬರಲಿಲ್ಲ. ಹಾಗಾದರೆ ಅಧಿಕಾರ ಎಲ್ಲಿಂದ ಬಂತು? ಜನವರಿ 30ರಂದು ಅಧ್ಯಕ್ಷ ಹಿಂಡೆನ್‌ಬರ್ಗ್ ಕರೆದು ಕೊಟ್ಟ. ಕೊಡಿಸಿದ್ದು ಫಾನ್ ಪಾಪೆನ್ ಎಂಬ ಮಾಜಿ ಚಾನ್ಸಲರ್. ಆ ಸಂಪುಟದಲ್ಲಿ ಹಿಟ್ಲರನೂ ಸೇರಿ ನಾಜಿಗಳು ಮೂರೇ ಜನ. ಮೂಗುದಾರ ನಮ್ಮ ಕೈಯಲ್ಲೇ ಇರುತ್ತದೆ ಎಂದು ಆ ದೊಡ್ಡ ಮನುಷ್ಯರು ಭಾವಿಸಿದ್ದರು.

ಮಾರ್ಚ್ 23ರಂದು, ಸಂಸತ್ತನ್ನು ಬದಿಗಿಟ್ಟು ಕಾನೂನು ಮಾಡುವ ಅಧಿಕಾರವನ್ನು ಅವನಿಗೆ ಕೊಡುವ ಮಸೂದೆ ಬಂತು. ಪರವಾಗಿ 444, ವಿರುದ್ಧ 94. ನಾಜಿಗಳ ಸ್ಥಾನ 288. ಕಳೆದು ನೋಡಿ ಎನ್ನುತ್ತೇನೆ. ಮಕ್ಕಳು ನೋಟ್‌ಬುಕ್ಕಿನ ಮೂಲೆಯಲ್ಲಿ ಕಳೆಯುತ್ತಾರೆ, 156 ಬರುತ್ತದೆ, ಸ್ವಲ್ಪ ಹೊತ್ತು ಯಾರೂ ಮಾತಾಡುವುದಿಲ್ಲ. ಆ ನೂರೈವತ್ತಾರು ಜನ ರಕ್ಕಸರಲ್ಲ. ಕರಿಕೋಟು ತೊಟ್ಟವರು, ಭಾನುವಾರ ಇಗರ್ಜಿಗೆ ಹೋಗುವವರು, ಮನೆಯಲ್ಲಿ ಮೊಮ್ಮಕ್ಕಳಿರುವವರು. ಇಟಲಿಯ ಕತೆಯೂ ಬೇರೆಯಲ್ಲ. 1922ರಲ್ಲಿ ಮುಸೊಲಿನಿಯ ಪಡೆ ರೋಮಿನ ಕಡೆ ಹೊರಟಾಗ ರಾಜ ಸೈನ್ಯವನ್ನು ಬಳಸಲಿಲ್ಲ, ಅವನನ್ನೇ ಕರೆದು ಸರ್ಕಾರ ರಚಿಸೆಂದ.

ಇಷ್ಟಾದ ಮೇಲೆ ಪರದೆ ಇಳಿಸಿ ಚಾಪ್ಲಿನ್ನನ 'ದಿ ಗ್ರೇಟ್ ಡಿಕ್ಟೇಟರ್' ಹಾಕುತ್ತೇನೆ. ಚಾಪ್ಲಿನ್ ಹುಟ್ಟಿದ್ದು 1889ರ ಏಪ್ರಿಲ್ 16ರಂದು, ಹಿಟ್ಲರ್ ಅದೇ ತಿಂಗಳ 20ರಂದು. ಚಿತ್ರ ತೆರೆಗೆ ಬಂದದ್ದು 1940ರ ಅಕ್ಟೋಬರಿನಲ್ಲಿ. ಅಮೆರಿಕ ಆಗಿನ್ನೂ ಯುದ್ಧಕ್ಕೆ ಇಳಿದಿರಲಿಲ್ಲ. ಗೋಲದ ಬಲೂನು ಹಿಡಿದು ಸರ್ವಾಧಿಕಾರಿ ಕುಣಿಯುವ ದೃಶ್ಯ ಎಲ್ಲರಿಗೂ ಗೊತ್ತು. ಕ್ಷೌರದ ಕುರ್ಚಿಗಳಲ್ಲಿ ಕೂತ ಇಬ್ಬರು ಸರ್ವಾಧಿಕಾರಿಗಳು ಒಬ್ಬರಿಗಿಂತ ಒಬ್ಬರು ಎತ್ತರವಾಗಲು ಸೀಟು ಏರಿಸುತ್ತಾ ಹೋಗುವಾಗ ಹಿಂದಿನ ಬೆಂಚಿನ ಹುಡುಗರು ಬೆಂಚು ಬಡಿದು ನಗುತ್ತಾರೆ. ನಗಲಿ. ಆದರೆ ನಾನು ಪಾಠ ಮಾಡುವುದು ಬೇರೆರಡು ದೃಶ್ಯಗಳ ಮೇಲೆ.

ಒಂದು ಭಾಷಣದ್ದು. ಹಿಟ್ಲರನನ್ನು ಹೋಲುವ, ಚಿತ್ರದ ಸರ್ವಾಧಿಕಾರಿ ಹಿಂಕೆಲ್ ಅರ್ಥವಿಲ್ಲದ ಜರ್ಮನ್ ಸದ್ದಿನಲ್ಲಿ ಕಿರುಚುತ್ತಾನೆ, ಎದುರಿನ ಮೈಕು ಬೆದರಿ ಹಿಂದಕ್ಕೆ ಬಾಗುತ್ತದೆ. ಯೆಹೂದ್ಯರ ಮೇಲೆ ಅವನು ಉಗುಳಿದ ಅಷ್ಟೂ ದ್ವೇಷವನ್ನು ಅನುವಾದಕ ತಣ್ಣಗೆ, ಮಹಾಪ್ರಭುಗಳು ಈಗ ಯೆಹೂದ್ಯರ ಪ್ರಸ್ತಾಪ ಮಾಡಿದರು ಎಂಬರ್ಥದ ಒಂದೇ ಸಾಲಿನಲ್ಲಿ ಮುಗಿಸುತ್ತಾನೆ. ಇನ್ನೊಂದು ಕಚೇರಿಯದ್ದು. ಅವನು ಉದ್ದಕ್ಕೆ ಹೇಳಿದರೆ ಟೈಪಿಸ್ಟ್ ನಾಲ್ಕಕ್ಷರ ಒತ್ತುತ್ತಾಳೆ, ಒಂದು ಪದ ಹೇಳಿದರೆ ಸಾಲುಗಟ್ಟಲೆ ಒತ್ತುತ್ತಾಳೆ. ಅವಳ ಮುಖ ನೋಡಿ. ಅಲ್ಲಿ ಭಯವಿಲ್ಲ, ಭಕ್ತಿಯೂ ಇಲ್ಲ, ಬರೀ ಕೆಲಸ. ಆ ಅನುವಾದಕ, ಆ ಟೈಪಿಸ್ಟ್ ಇಲ್ಲದಿದ್ದರೆ ಅವನ ಕಿರುಚಾಟ ಬರೀ ಕಿರುಚಾಟವಾಗಿಯೇ ಉಳಿಯುತ್ತಿತ್ತು, ಆದೇಶವಾಗುತ್ತಿರಲಿಲ್ಲ. ಮೀಸೆಯನ್ನು ಗೇಲಿ ಮಾಡುವುದು ಯಾರಿಂದಲೂ ಆದೀತು. ಒಳ್ಳೆಯ ವಿಡಂಬನೆ ಮೀಸೆಯ ಅಕ್ಕಪಕ್ಕ ನಿಂತವರ ಕಡೆ ಕ್ಯಾಮೆರಾ ತಿರುಗಿಸುತ್ತದೆ.

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಅಜ್ಜನ ಮನೆ ಕಿನ್ನಿಗೋಳಿಯ ಹತ್ತಿರ. ಹರಕೆಯ ಯಕ್ಷಗಾನ ಆಟ ಇದ್ದ ದಿನ ಸಂಜೆಯಿಂದಲೇ ನಾನು ಚೌಕಿಯಲ್ಲಿ, ಅಂದರೆ ವೇಷಧಾರಿಗಳು ಬಣ್ಣ ಹಚ್ಚಿಕೊಳ್ಳುವ ಜಾಗದಲ್ಲಿ. ಮಹಿಷಾಸುರನ ವೇಷಧಾರಿ ಬನಿಯನ್ನಿನಲ್ಲಿ ಕೂತು, ಬಾಯಲ್ಲಿ ವೀಳ್ಯ ಹಾಕಿಕೊಂಡು, ಅಕ್ಕಿಹಿಟ್ಟು ಸುಣ್ಣದ ಚುಟ್ಟಿಯನ್ನು ಒಂದೊಂದೇ ಮುಳ್ಳಾಗಿ ಮುಖಕ್ಕೆ ಇಡುತ್ತಿದ್ದರು. ತಾಸುಗಟ್ಟಲೆ ಕೆಲಸ. "ಕನ್ನಡಿ ಸ್ವಲ್ಪ ಓರೆ ಹಿಡಿ ಮಗಾ" ಎನ್ನುವರು, ಹಿಡಿಯುತ್ತಿದ್ದೆ. ನಡುರಾತ್ರಿ ಅದೇ ಮನುಷ್ಯ ದೊಂದಿಗಳ ನಡುವೆ, ರಾಳದ ಬೆಂಕಿ ಎಬ್ಬಿಸುತ್ತಾ, ಚೆಂಡೆಯ ಅಬ್ಬರಕ್ಕೆ ಜನರ ನಡುವಿನಿಂದಲೇ ಆರ್ಭಟಿಸುತ್ತಾ ಬರುವಾಗ ಮಕ್ಕಳೆಲ್ಲ ತಾಯಂದಿರ ಸೆರಗಿನೊಳಗೆ. ನನಗೂ ಎದೆ ಹೊಡೆದುಕೊಳ್ಳುತ್ತಿತ್ತು. ಆದರೆ ಎಡಗೆನ್ನೆಯ ಮೇಲೆ ಯಾವ ಮುಳ್ಳು ಬಿದ್ದುಹೋಗಿ ಮತ್ತೆ ಇಟ್ಟದ್ದೆಂದು ನನಗೆ ಗೊತ್ತಿತ್ತು. ಕಣ್ಣು ಮುಚ್ಚದೆ ನೋಡುತ್ತಿದ್ದೆ.

ಲೆನಿ ರೀಫೆನ್‌ಸ್ಟಾಲ್ ನಾಜಿಗಳ 1934ರ ನ್ಯೂರೆಂಬರ್ಗ್ ಸಮಾವೇಶವನ್ನು ಚಿತ್ರಿಸಿದ ಪ್ರಚಾರಚಿತ್ರದ ಆರಂಭವನ್ನು ಮಕ್ಕಳಿಗೆ ತೋರಿಸುವಾಗ ಈ ಮಾತು ಹೇಳುತ್ತೇನೆ. ಮೋಡ ಸೀಳಿಕೊಂಡು ವಿಮಾನ ಇಳಿಯುತ್ತದೆ, ಕೆಳಗೆ ಜನಸಾಗರ. ಅದು ಒಡ್ಡೋಲಗ, ಆಟದಲ್ಲಿ ವೇಷ ರಂಗಕ್ಕೆ ಬರುವ ವೈಭವದ ಪ್ರವೇಶ. ದೊಂದಿ, ಚೆಂಡೆ, ಪ್ರವೇಶ, ಎಲ್ಲ ಲೆಕ್ಕಾಚಾರದ್ದು. ವ್ಯತ್ಯಾಸ ಒಂದೇ: ನಮ್ಮ ಆಟದಲ್ಲಿ ಚೌಕಿಯ ಬಾಗಿಲು ತೆರೆದಿರುತ್ತದೆ, ರಂಗಸ್ಥಳದಲ್ಲಿ ರಾಜನ ಪಕ್ಕದಲ್ಲೇ ಹಾಸ್ಯಗಾರ ಇರುತ್ತಾನೆ, "ಹೌದು ಒಡೆಯಾ" ಎನ್ನುತ್ತಲೇ ಒಡೆಯನ ಮಾತಿನ ಪೊಳ್ಳು ಎತ್ತಿ ತೋರಿಸುತ್ತಾನೆ. ಸರ್ವಾಧಿಕಾರಿ ಮೊದಲು ಮುಚ್ಚಿಸುವುದು ಈ ಎರಡನ್ನೇ. ನಮ್ಮಲ್ಲೂ ತುರ್ತುಪರಿಸ್ಥಿತಿಯಲ್ಲಿ ಅಮೃತ್ ನಾಹಟಾ ಅವರ 'ಕಿಸ್ಸಾ ಕುರ್ಸಿ ಕಾ' ಎಂಬ ರಾಜಕೀಯ ವಿಡಂಬನ ಚಿತ್ರದ ಪ್ರಿಂಟುಗಳನ್ನು ವಶಪಡಿಸಿಕೊಂಡು ಸುಟ್ಟುಹಾಕಿದರು. ಅದನ್ನು ಮತ್ತೆ ಚಿತ್ರಿಸಿ ತೆರೆಗೆ ತರುವಾಗ 1978 ಆಗಿತ್ತು. ಸ್ಟಾಲಿನ್ನನ ಸಾವಿನ ಕುರಿತ 2017ರ ವಿಡಂಬನ ಚಿತ್ರಕ್ಕೆ ರಷ್ಯಾದಲ್ಲಿ ಬಿಡುಗಡೆಗೆ ಎರಡು ದಿನ ಇರುವಾಗ ಪರವಾನಗಿ ಹಿಂಪಡೆದರು. ಅವನು ಸತ್ತು ಆಗಲೇ ಅರವತ್ತೈದು ವರ್ಷ ಸಮೀಪಿಸಿತ್ತು.

ಆ ಸಾವಿನ ಕತೆಗೆ ಸಿನಿಮಾ ಉಪ್ಪುಖಾರ ಹಚ್ಚಬೇಕಾಗಿಯೇ ಇರಲಿಲ್ಲ. 1953ರ ಮಾರ್ಚ್ 1ರಂದು ಸ್ಟಾಲಿನ್ ಕೋಣೆಯಿಂದ ಹೊರಬರಲಿಲ್ಲ. ಕರೆಯದೆ ಒಳಗೆ ಹೋಗಲು ಕಾವಲುಗಾರರಿಗೆ ಧೈರ್ಯವಿಲ್ಲ. ರಾತ್ರಿ ಹೋಗಿ ನೋಡಿದರೆ ನೆಲದ ಮೇಲೆ ಬಿದ್ದಿದ್ದ. ವೈದ್ಯರು ಬಂದದ್ದು ಮರುದಿನ ಬೆಳಿಗ್ಗೆ. ಒಳ್ಳೊಳ್ಳೆಯ ವೈದ್ಯರನ್ನು ಸಂಚಿನ ಆರೋಪ ಹೊರಿಸಿ ಅವನ ಆಡಳಿತವೇ ಜೈಲಿಗೆ ಹಾಕಿತ್ತು. ಅವನು ಕಟ್ಟಿದ ಭಯ ಅವನ ಬಾಗಿಲಲ್ಲೇ ಕಾವಲು ನಿಂತಿತ್ತು.

ಬೀಳುವುದು ಹೇಗೆಂದು ಕೇಳಿದವರಿಗೆ ನಾನು ತೋರಿಸುವುದು ರುಮೇನಿಯಾದ ಟಿವಿ ತುಣುಕು. 1989ರ ಡಿಸೆಂಬರ್ 21, ಬುಕಾರೆಸ್ಟ್. 1965ರಿಂದ ಆಳುತ್ತಿದ್ದ ಚೌಶೆಸ್ಕು ಬಾಲ್ಕನಿಯಿಂದ ಮಾತಾಡುತ್ತಿದ್ದಾನೆ, ಕೆಳಗೆ ಕರೆತಂದ ಜನ, ನೇರ ಪ್ರಸಾರ. ಗುಂಪಿನಲ್ಲಿ ಎಲ್ಲೋ ಕೂಗು ಏಳುತ್ತದೆ. ಅವನ ಮಾತು ನಿಲ್ಲುತ್ತದೆ. ಬಲಗೈ ಮೇಲೆತ್ತಿದ್ದು ಹಾಗೇ ಇರುತ್ತದೆ, ಬಾಯಿ ಸ್ವಲ್ಪ ತೆರೆದಿದೆ. ಆಮೇಲೆ ಮೈಕಿಗೆ "ಅಲೋ, ಅಲೋ" ಎನ್ನುತ್ತಾನೆ, ಲೈನು ಕಟ್ಟಾದ ಫೋನಿನಲ್ಲಿ ಕರೆದ ಹಾಗೆ. ಮರುದಿನ ಹೆಲಿಕಾಪ್ಟರಿನಲ್ಲಿ ಓಡಿದ, 25ರಂದು ಗುಂಡಿಗೆ ಬಲಿಯಾದ. ಅದಕ್ಕೆ ಮೊದಲು ತಿಮಿಶೋರಾದಲ್ಲಿ ಜನ ಗುಂಡಿಗೆ ಎದೆಯೊಡ್ಡಿದ್ದರು, ಅದನ್ನು ಮರೆಯುವಂತಿಲ್ಲ. ನಗುವೊಂದೇ ಯಾರನ್ನೂ ಕೆಳಗಿಳಿಸಿಲ್ಲ. ಯಾತನಾಶಿಬಿರಗಳ ಭೀಕರತೆ ಆಗ ಗೊತ್ತಿದ್ದರೆ ತನ್ನಿಂದ ಆ ಚಿತ್ರ ಮಾಡಲು ಆಗುತ್ತಿರಲಿಲ್ಲ ಎಂದು ಚಾಪ್ಲಿನ್ನನೇ ಮುಂದೆ ಆತ್ಮಕಥೆಯಲ್ಲಿ ಬರೆದ. ಹಾಗಾಗಿಯೇ ಜೋರು ಮಾಡುವ ಅಪ್ಪನನ್ನೋ ವಾರ್ಡನನ್ನೋ ಮಕ್ಕಳು "ನಮ್ಮ ಹಿಟ್ಲರ್" ಎಂದಾಗ ನಾನು ಪಾಠ ನಿಲ್ಲಿಸಿ ಆ ಮಾತು ಬೇಡ ಎನ್ನುತ್ತೇನೆ. ಅರವತ್ತು ಲಕ್ಷ ಯೆಹೂದ್ಯರನ್ನು ಕೊಂದ ಹೆಸರದು.

ಪಾಠದ ಕೊನೆಗೆ ಪರೀಕ್ಷೆಯಿಲ್ಲ, ಒಂದು ಬರಹ. ನೋಡಿದ ಯಾವುದೇ ದೃಶ್ಯದಲ್ಲಿ ಸರ್ವಾಧಿಕಾರಿಯನ್ನು ಬಿಟ್ಟು ಬೇರೊಬ್ಬರನ್ನು ಆರಿಸಿ, ಅವರ ಬಗ್ಗೆ ಎರಡು ಪುಟ. ಈ ವರ್ಷ ಹೆಚ್ಚಿನವರು ಅನುವಾದಕನ ಮೇಲೆ ಬರೆದರು. ಮಲ್ಪೆಯ ಕಡೆಯಿಂದ ಬರುವ ಒಬ್ಬಳು ಮಾತ್ರ ಬುಕಾರೆಸ್ಟಿನ ಆ ಬಾಲ್ಕನಿಯನ್ನು ಆರಿಸಿದ್ದಳು. ಚೌಶೆಸ್ಕುವಿನ ಕೈ ಗಾಳಿಯಲ್ಲಿ ನಿಂತಾಗ ಅವನ ಪಕ್ಕದಲ್ಲಿದ್ದವರು ಚೌಕದತ್ತ ನೋಡಿದರೋ ಅವನತ್ತ ನೋಡಿದರೋ ಎಂದು ತಿಳಿಯಲು ಆ ತುಣುಕನ್ನು ಮೊಬೈಲಿನಲ್ಲಿ ಹನ್ನೊಂದು ಸಲ ನಿಲ್ಲಿಸಿ ನಿಲ್ಲಿಸಿ ನೋಡಿದೆ ಎಂದು ಮೊದಲ ಸಾಲಿನಲ್ಲೇ ಬರೆದಿದ್ದಳು.