ಟ್ರೆಂಚ್ ಅಂದ್ರೆ ಚರಂಡಿ ಅಲ್ಲ ಸ್ವಾಮಿ

ಪರ್ಮಾಕಲ್ಚರ್, ಅಂದರೆ ಪ್ರಕೃತಿಯ ರೀತಿ ನೋಡಿ ರೂಪಿಸುವ ಕೃಷಿ, ಮಾಡ್ತೀವಿ ಬನ್ನಿ ಅಂತ ಕರೆಯುವವರ ಜಮೀನಿಗೆ ಹೋದರೆ ಜೆಸಿಬಿ ನನಗಿಂತ ಮೊದಲೇ ಬಂದು ಹೋಗಿರುತ್ತದೆ. ಈ ಪದ್ಧತಿ ಹುಟ್ಟುಹಾಕಿದವರಲ್ಲೊಬ್ಬರಾದ ಆಸ್ಟ್ರೇಲಿಯಾದ ಬಿಲ್ ಮಾಲಿಸನ್ ಹೆಸರು ಬಾಯಲ್ಲೇ ಇರುತ್ತದೆ. ಮಳೆನೀರು ಇಂಗಿಸಬೇಕಾದ ಟ್ರೆಂಚ್ ಮಾತ್ರ ಬೇಲಿ ಪಕ್ಕದಲ್ಲೇ, ಮೇಲಿನ ಮೂಲೆಯಿಂದ ಕೆಳಗಿನ ಮೂಲೆಗೆ. "ನೀರು ಸರಾಗವಾಗಿ ಹೋಗ್ಲಿ ಅಂತ ಸಾರ್." ಎಲ್ಲಿಗೆ ಹೋಗಬೇಕು? ಪಕ್ಕದವರ ಹೊಲಕ್ಕಾ?

ನೆಲಕ್ಕೆ ತರಗೆಲೆಯ ಮುಚ್ಚಿಗೆ, ಮಿಶ್ರ ಬೆಳೆ ಎಲ್ಲ ಬೇಗ ಅರ್ಥವಾಗುತ್ತದೆ. ಇದೊಂದು ತಲೆಗೆ ಹೋಗುವುದಿಲ್ಲ. ಟ್ರೆಂಚಿನಲ್ಲಿ ನೀರು ಹರಿಯಬಾರದು, ನಿಂತು ಇಂಗಬೇಕು. ಅದಕ್ಕೆ ತಳ ಈ ತುದಿಯಿಂದ ಆ ತುದಿವರೆಗೂ ಒಂದೇ ಮಟ್ಟದಲ್ಲಿರಬೇಕು. ಟ್ರೆಂಚ್ ಇಳಿಜಾರಿಗೆ ಅಡ್ಡ ಹೋಗಬೇಕು, ನೆಲ ಬಾಗಿದ ಕಡೆ ತಾನೂ ಬಾಗಬೇಕು. ಅಗೆದ ಮಣ್ಣು ಕೆಳಬದಿಗೆ ಬದುವಾಗಬೇಕು. ಒಂದು ಎಕರೆಗೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ ಸುಮಾರು 40 ಸಾವಿರ ಲೀಟರ್ ನೀರು. ಅದನ್ನು ಆಚೆ ಕಳಿಸಿ, ಮಾರ್ಚಿನಲ್ಲಿ ಟ್ಯಾಂಕರ್ ತರಿಸುತ್ತಾರೆ!

ಮಟ್ಟ ನೋಡಲು ಯಂತ್ರ ಬೇಡ. ಇಂಗ್ಲಿಷಿನ 'ಎ' ಆಕಾರಕ್ಕೆ ಮೂರು ಬಿದಿರು ಕಟ್ಟಿ, ತುದಿಯಿಂದ ದಾರದಲ್ಲಿ ಕಲ್ಲು ಇಳಿಬಿಡಿ. ದಾರ ಅಡ್ಡಕೋಲಿನ ನಡುಗುರುತಿಗೆ ಬಂದರೆ ಎರಡು ಕಾಲೂ ಒಂದೇ ಮಟ್ಟ. ಆ ಗುರುತನ್ನು ಕಣ್ಣಳತೆಯಲ್ಲಿ ಹಾಕಬೇಡಿ. ಕಾಲು ಅದಲುಬದಲು ಮಾಡಿ, ದಾರ ಅಡ್ಡಕೋಲನ್ನು ಎಲ್ಲಿ ಮುಟ್ಟುತ್ತದೆ ಅಂತ ಎರಡು ಸಲ ನೋಡಿ, ಎರಡರ ಮಧ್ಯ ಹಿಡಿಯಿರಿ. ಕೋಲಾರದ ಕಡೆ ನಿವೃತ್ತ ಬ್ಯಾಂಕ್ ಮ್ಯಾನೇಜರ್ ಒಬ್ಬರು ಮೊದಲು ಇದನ್ನು ನೋಡಿ ನಕ್ಕಿದ್ದರು. ಈಗ ಹೆಗಲ ಮೇಲೆ ಹೊತ್ತುಕೊಂಡು ಊರೆಲ್ಲ ಸುತ್ತುತ್ತಾರೆ. ಮನೆ ಜಗುಲಿ ಓರೆ ಇದೆ ಅಂತ ಮೇಸ್ತ್ರಿ ಜೊತೆ ಜಗಳವೂ ಆಗಿದೆಯಂತೆ.

ಕೋಡಿ ಮರೆಯಬೇಡಿ. ಜೋರು ಮಳೆಗೆ ಟ್ರೆಂಚ್ ತುಂಬಿದರೆ ಹೆಚ್ಚಿನ ನೀರು ಹೋಗಲು, ಬದುವಿಗಿಂತ ತಗ್ಗಿನಲ್ಲಿ, ಕಲ್ಲು ಹಾಸಿದ ದಾರಿ ಬೇಕು. ಇಲ್ಲದಿದ್ದರೆ ಬದು ಒಡೆಯುತ್ತದೆ.

ಎಲ್ಲ ಜಮೀನಿಗೂ ಇದು ಸರಿ ಅಂತ ನಾನು ಹೇಳಲಾರೆ. ಎರೆ ಮಣ್ಣಿನಲ್ಲಿ ನೀರು ಜಾಸ್ತಿ ನಿಂತು ಬೇರು ಕೊಳೆಯಬಹುದು. ಕಡಿದಾದ ಗುಡ್ಡದಲ್ಲಿ ನೀರು ಇಂಗಿಸಲು ಹೋದರೆ ಮಣ್ಣೇ ಜಾರಬಹುದು. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದದ್ದನ್ನು ನೋಡಿದ್ದೇವಲ್ಲ. ಅಂಥ ಕಡೆ ಬಲ್ಲವರು ಬಂದು ನೋಡುವವರೆಗೆ ಗುದ್ದಲಿ ಮುಟ್ಟಬೇಡಿ.

ಈಗಾಗಲೇ ಇಳಿಜಾರಿಗೆ ಹೊಡೆಸಿಬಿಟ್ಟಿದ್ದರೆ ಪೂರ್ತಿ ಮುಚ್ಚಿಸುವ ಖರ್ಚು ಬೇಡ. ಅಲ್ಲಲ್ಲಿ ಕಲ್ಲು ಮಣ್ಣಿನ ತಡೆ ಕಟ್ಟಿ. ಗುಂಡಿಗಳ ಸಾಲಾದರೂ ಆಗುತ್ತದೆ. ಜೆಸಿಬಿಯವರಿಗೆ ಮಾತ್ರ ಮತ್ತೆ ಫೋನ್ ಮಾಡಬೇಡಿ.