ಚಾರ್ಟ್ ಕಲಿಯೋಕೆ ಎಲ್ಲಿಂದ ಶುರು ಮಾಡೋದು?

ಡೇಟಾ ವಿಷುವಲೈಸೇಶನ್, ಅಂದರೆ ಅಂಕಿಗಳನ್ನು ಚಿತ್ರವಾಗಿ ತೋರಿಸುವುದನ್ನು ಕಲಿಯಬೇಕು ಅಂದ ತಕ್ಷಣ ಎಲ್ಲರೂ ಕೇಳುವುದು ಟೂಲ್ ಬಗ್ಗೆ. ಟ್ಯಾಬ್ಲೋನಾ, ಪೈಥಾನಾ, ಡಿ3ಯಾ? ಅದನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಮೊದಲು ಕಣ್ಣು ಪಳಗಬೇಕು. ಅದಕ್ಕೆ ಗ್ರಾಫ್ ಹಾಳೆ, ಪೆನ್ಸಿಲ್ ಸಾಕು.

ಸಂಖ್ಯಾಶಾಸ್ತ್ರಜ್ಞ ಫ್ರಾನ್ಸಿಸ್ ಆನ್ಸ್‌ಕೂಂಬ್ 1973ರಲ್ಲಿ ನಾಲ್ಕು ಪುಟ್ಟ ಕೋಷ್ಟಕ ಕೊಟ್ಟರು. ಒಂದೊಂದರಲ್ಲೂ 11 ಜೋಡಿ ಅಂಕಿ. ನಾಲ್ಕರಲ್ಲೂ ಎಕ್ಸ್ ಸರಾಸರಿ 9, ವೈ ಸರಾಸರಿ 7.5, ಕೋರಿಲೇಶನ್ (ಎರಡೂ ಎಷ್ಟು ಜೊತೆಜೊತೆಯಾಗಿ ಏರುತ್ತವೆ ಅನ್ನುವ ಅಳತೆ, 1 ಅಂದರೆ ಪೂರ್ತಿ) ಸುಮಾರು 0.82. ಲೆಕ್ಕದಲ್ಲಿ ನಾಲ್ಕೂ ಅವಳಿ-ಜವಳಿ. ಚುಕ್ಕಿ ಇಟ್ಟು ನೋಡಿ: ಮೊದಲನೆಯದು ಸಾಮಾನ್ಯ ಚೆದುರು. ಎರಡನೆಯದು ಕಮಾನಿನಂತೆ ಬಾಗಿದೆ. ಮೂರನೆಯದು ನೇರ ಗೆರೆ, ಒಂದೇ ಒಂದು ಚುಕ್ಕಿ ದಾರಿ ತಪ್ಪಿದೆ. ನಾಲ್ಕನೆಯದರಲ್ಲಿ ಹತ್ತು ಚುಕ್ಕಿ ಎಕ್ಸ್ 8ರ ಮೇಲೇ ಕಂಬದಂತೆ ನಿಂತಿವೆ, ಹನ್ನೊಂದನೆಯದು ದೂರದ 19ರಲ್ಲಿ. ಆ ಒಂದು ಚುಕ್ಕಿ ತೆಗೆದರೆ ಸಂಬಂಧವೇ ಇಲ್ಲ! ಇದನ್ನು ಕೈಯಲ್ಲೇ ಬಿಡಿಸಿ, ಓದಿದರೆ ಅಷ್ಟು ನಾಟಲ್ಲ.

ಮುಂದಿನದು ಕ್ಲೀವ್‌ಲ್ಯಾಂಡ್ ಮತ್ತು ಮೆಕ್‌ಗಿಲ್ ಎಂಬ ಸಂಖ್ಯಾಶಾಸ್ತ್ರಜ್ಞರ 1984ರ ಪ್ರಬಂಧ, ಚಾರ್ಟ್ ಅನ್ನು ಕಣ್ಣು ಎಷ್ಟು ಸರಿಯಾಗಿ ಓದುತ್ತದೆ ಅನ್ನುವುದರ ಬಗ್ಗೆ. ಒಂದೇ ಅಳತೆಗೆರೆಯ ಮೇಲಿನ ಸ್ಥಾನವನ್ನು ನಮ್ಮ ಕಣ್ಣು ಚೆನ್ನಾಗಿ ಹೋಲಿಸುತ್ತದೆ. ಉದ್ದ, ಕೋನ ಆಮೇಲೆ. ವಿಸ್ತೀರ್ಣ ಇನ್ನೂ ಕಷ್ಟ, ಬಣ್ಣದ ಗಾಢತೆ ಕೊನೆಗೆ. ಪೈ ಚಾರ್ಟ್‌ನಲ್ಲಿ 23 ದೊಡ್ಡದಾ 25 ದೊಡ್ಡದಾ ಅಂತ ತಡಕಾಡುವುದು ಯಾಕೆ ಅಂತ ಈಗ ಗೊತ್ತಾಯ್ತಲ್ವಾ?

ಚಾರ್ಟ್ ವಿನ್ಯಾಸದ ಬಗ್ಗೆ ಬರೆದ ಎಡ್ವರ್ಡ್ ಟಫ್ಟಿ 1983ರ ಪುಸ್ತಕದಲ್ಲಿ ಹೇಳುವ 'ಲೈ ಫ್ಯಾಕ್ಟರ್' ಕೂಡ ಕಲಿಯಿರಿ: ಚಿತ್ರ ತೋರಿಸುವ ಬದಲಾವಣೆಯನ್ನು ಅಂಕಿಯ ನಿಜ ಬದಲಾವಣೆಯಿಂದ ಭಾಗಿಸಿದರೆ ಬರುವ ಸಂಖ್ಯೆ. ಅವರ ಉದಾಹರಣೆ ಅಮೆರಿಕದ ಕಾರುಗಳ ಮೈಲೇಜ್ ಚಿತ್ರ. ಅಂಕಿ 18ರಿಂದ 27.5ಕ್ಕೆ, ಅಂದರೆ 53% ಏರಿತ್ತು. ಚಿತ್ರದ ಗೆರೆ ಮಾತ್ರ 783% ಉದ್ದವಾಗಿತ್ತು. ಭಾಗಿಸಿದರೆ 14.8 ಪಟ್ಟು ಸುಳ್ಳು. ಆದರೆ ಬೇಡದ ಶಾಯಿ ಎಲ್ಲ ಅಳಿಸಿ ಅನ್ನುವ ಅವರ ಹಟವನ್ನು ಅಕ್ಷರಶಃ ಪಾಲಿಸಬೇಡಿ. ಹೊಸ ಓದುಗನಿಗೆ ತೆಳುವಾದ ಗ್ರಿಡ್ ಗೆರೆ ಬೇಕೇ ಬೇಕು.

ಪುಕ್ಕಟೆ ಓದಲು ಕ್ಲಾಸ್ ವಿಲ್ಕೆ ಅವರ 'ಫಂಡಮೆಂಟಲ್ಸ್ ಆಫ್ ಡೇಟಾ ವಿಷುವಲೈಸೇಶನ್' ಆನ್‌ಲೈನ್‌ನಲ್ಲಿದೆ. ಅದರಲ್ಲಿ ಕೋಡ್ ಕಾಟ ಇಲ್ಲ. ಬಣ್ಣಕ್ಕೆ ಕಲರ್‌ಬ್ರೂವರ್ ಜಾಲತಾಣ ನೋಡಿ, ಬಣ್ಣಗುರುಡು ಇರುವವರಿಗೂ ಹೊಂದುವ ಪಟ್ಟಿ ಅಲ್ಲಿ ಸಿಗುತ್ತದೆ. ಬೇಗ ಒಂದು ಚಾರ್ಟ್ ಬೇಕಿದ್ದರೆ ಡೇಟಾರ್ಯಾಪರ್ ಅನ್ನುವ ಆನ್‌ಲೈನ್ ಟೂಲ್ ಸಾಕು.

ಅಭ್ಯಾಸಕ್ಕೆ ಕರ್ನಾಟಕದ 2011ರ ಜನಗಣತಿ ಹಿಡಿಯಿರಿ. ಜಿಲ್ಲಾವಾರು ಸಾಕ್ಷರತೆ: ದಕ್ಷಿಣ ಕನ್ನಡ 88.6%, ಯಾದಗಿರಿ 51.8%. ಇಳಿಕೆ ಕ್ರಮದಲ್ಲಿ ಜೋಡಿಸಿ, ಚುಕ್ಕಿ ಚಾರ್ಟ್ ಮಾಡಿ. ಆಮೇಲೆ ಅದನ್ನೇ ನಕ್ಷೆಯಲ್ಲಿ ಬಣ್ಣ ತುಂಬಿ ನೋಡಿ. ಬೆಳಗಾವಿ ಜಿಲ್ಲೆ ಬೆಂಗಳೂರು ನಗರ ಜಿಲ್ಲೆಗಿಂತ ಆರು ಪಟ್ಟು ಜಾಗ ಹಿಡಿಯುತ್ತದೆ, ಜನ ಮಾತ್ರ ಅರ್ಧ: 48 ಲಕ್ಷಕ್ಕೆ ಎದುರು 96 ಲಕ್ಷ. ನಕ್ಷೆ ಎಣಿಸುವುದು ನೆಲವನ್ನು, ಜನರನ್ನಲ್ಲ.

ಇನ್ನೊಂದು, ಕನ್ನಡದಲ್ಲಿ ಮಾಡುವವರಿಗೆ. ಜಿಲ್ಲೆ ಹೆಸರುಗಳು ಉದ್ದ, ಹಾಗಾಗಿ ಅಡ್ಡ ಪಟ್ಟಿಗಳೇ ಅನುಕೂಲ. ಸುಮ್ನೆ ಹೆಸರನ್ನು ಓರೆಯಾಗಿ ತಿರುಗಿಸಬೇಡಿ. ಪೈಥಾನ್‌ನಲ್ಲಿ ಚಾರ್ಟ್ ಬರೆಯುವ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಒತ್ತಕ್ಷರ ಒಡೆದು 'ಚಿಕ್ಕಬಳ್ಳಾಪುರ'ದ ಗತಿ ಕೆಡುವುದುಂಟು. ಆಗ ಎಸ್‌ವಿಜಿ (ಬ್ರೌಸರ್ ತೆರೆಯಬಲ್ಲ ಒಂದು ಚಿತ್ರದ ಫೈಲ್ ಬಗೆ) ಆಗಿ ಸೇವ್ ಮಾಡಿ, ಅಕ್ಷರಗಳನ್ನು ಅಕ್ಷರವಾಗಿಯೇ ಉಳಿಸುವ ಆಯ್ಕೆ ಹಾಕಿ. ಬ್ರೌಸರ್‌ನಲ್ಲಿ ತೆರೆದರೆ ಒತ್ತು ಸರಿಯಾಗಿ ಕೂರುತ್ತದೆ.